ಎಲೆ ಎತ್ತುವವರು

ಹುಲಿಕೆರೆ
11 ನವೆಂಬರ್ 2024

ಮರಿದೇವರ ಪಾದಗಳಿಗೆ ಹುಲಿಕೆರೆಯ ವಿಶಾಲಮ್ಮ ಮಾಡುವ ನಮಸ್ಕಾರ.

ಇವತ್ತು ಕಾರ್ತಿಕ ಸೋಮವಾರ, ಉಪವಾಸ. ಹಸು ಕರೆದು, ಕೊಟ್ಟಿಗೆ ಬಳಿದು, ಅಂಗಳಕ್ಕೆ ನೀರು ಹಾಕಿ, ಲಿಂಗಪೂಜೆ ಮುಗಿಸಿದೆ. ಯಜಮಾನರಿಗೆ ರೊಟ್ಟಿ ಸುಟ್ಟುಕೊಟ್ಟು ಹಳೇಬೀಡಿನ ಅಂಗಡಿಗೆ ಕಳಿಸಿದೆ. ಈಗ ಕೈ ಬಿಡುವಾಗಿದೆ, ಬರೆಯುತ್ತಿದ್ದೇನೆ.

ನಿಮ್ಮನ್ನು ಮಠಕ್ಕೆ ಒಪ್ಪಿಸಿದ ಮೇಲೆ ನಾನು ಕಾಗದ ಬರೆದವಳಲ್ಲ. ವರ್ಷಕ್ಕೊಮ್ಮೆ ಸ್ಮರಣೋತ್ಸವಕ್ಕೆ ಬಂದು, ಪಾದ ಮುಟ್ಟಿ, ಹಣ್ಣಿಟ್ಟು ಹೋಗುವವಳು. ಈಗಲೂ ಹೆತ್ತವಳು ಅಂತ ಬರೆಯುತ್ತಿಲ್ಲ, ಭಕ್ತೆ ಅಂತಲೇ ತಿಳಿಯಿರಿ. ಫೋನು ಮಾಡಬಹುದಿತ್ತು. ಮಠದ ಫೋನು ಕಚೇರಿಯಲ್ಲಿದೆ, ಎತ್ತುವವರು ಊರಿಗೆಲ್ಲ ಕೇಳುವಂತೆ ಮಾತಾಡುತ್ತಾರೆ.

ಸಿಂಧುಗೆ ಹುಷಾರಿಲ್ಲ. ನಿಮ್ಮ ಪೂರ್ವಾಶ್ರಮದ ತಂಗಿ. ಅವಳೀಗ ನಮ್ಮೂರ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ ಮಾಡುತ್ತಾಳೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಗೌರಿ ಹಬ್ಬದ ಹೊತ್ತಿಗೆ ಜ್ವರ ಬಂತು. ಜ್ವರ ಇಟ್ಟುಕೊಂಡೇ ಡೇರಿಗೆ ಹೋಗುತ್ತಿದ್ದಳು. ಒಬ್ಬರು ಟೈಫಾಯಿಡ್ ಅಂದರು, ಇನ್ನೊಬ್ಬರು ಡೆಂಗಿ ಇರಬೇಕು ಅಂದರು. ಹೊಟ್ಟೆಯ ಎಡಗಡೆ ಗಟ್ಟಿಯಾಗಿ ಊದಿಕೊಂಡಿತು. ರಕ್ತ ಇಳಿಯುತ್ತಾ ಹೋಯಿತು. ಕೊನೆಗೆ ಬೆಂಗಳೂರಿನಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ, ಒಳಗಿನ ಮಜ್ಜೆ ತೆಗೆದು ನೋಡಿದ ಮೇಲೆ ಗೊತ್ತಾಯಿತು.

ಅಲ್ಲಿಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಎಲ್ಲರ ಮೈಯೊಳಗೂ ನುಂಗುವ ಕಣಗಳು ಇರುತ್ತವಂತೆ. ಮ್ಯಾಕ್ರೊಫೇಜ್ ಅಂತ ಹೆಸರು, ಇಲ್ಲೇ ಮಲಗಿರುವ ಸಿಂಧು ಹೇಳಿ ಬರೆಸಿದಳು. ಹೊರಗಿಂದ ಬಂದ ರೋಗದ ಹುಳ, ವಯಸ್ಸಾದ ರಕ್ತದ ಕಣ, ಎಲ್ಲ ನುಂಗಿ ಒಳಗನ್ನು ಚೊಕ್ಕ ಮಾಡುವುದು ಅವುಗಳ ಕೆಲಸ. ನನಗೆ ತಲೆಗೆ ಹೋಗಲಿಲ್ಲ. "ಮಠದ ದಾಸೋಹದಲ್ಲಿ ಎಲೆ ಎತ್ತೋರು ಇರ್ತಾರಲ್ಲ, ಹಂಗಾ?" ಅಂತ ಕೇಳಿದೆ.

"ಏನಮ್ಮ ಅದು?" ಅಂದರು ಡಾಕ್ಟರಮ್ಮ.

"ಉಂಡು ಎದ್ದ ಮೇಲೆ ಎಂಜಲೆಲೆ ಎತ್ತೋರು."

"ಹೂಂ, ಅವರೇ ಅಂದ್ಕೊಳ್ಳಿ. ನಿಮ್ಮ ಮಗಳೊಳಗೆ ಅವರಿಗೆ ಸಾಕು ನಿಲ್ಲಿಸಿ ಅಂತ ಹೇಳೋರು ಕೆಲಸ ಮಾಡ್ತಿಲ್ಲ. ಅದಕ್ಕೇ ಉಣ್ತಾ ಕೂತಿರೋರ ಎಲೇನೂ ಎತ್ತಿಬಿಡ್ತಾ ಇದ್ದಾರೆ. ಒಳ್ಳೇ ರಕ್ತವನ್ನೇ ನುಂಗ್ತಾ ಇವೆ."

ಆಗ ತಿಳಿಯಿತು. ನೀವು ಮರಿಯಾಗಿ ಸೇರಿದ ಮೊದಲ ವರ್ಷ ನಿಮಗೆ ಎಲೆ ಎತ್ತುವ ಕೆಲಸವನ್ನೇ ಕೊಟ್ಟಿದ್ದರಲ್ಲ.

ಔಷಧಕ್ಕೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ಹುಟ್ಟಿನಿಂದಲೇ ಇರುವ ದೋಷ ಅಂತೆ. ಬೇರೆಯವರ ಮಜ್ಜೆ ಹಾಕಿದರೇ ಉಳಿಯುವುದು, ಅದೂ ಒಡಹುಟ್ಟಿದವರದಾದರೆ ಹೊಂದುವುದು ಸುಲಭ. "ಬೇರೆ ಮಕ್ಕಳಿದ್ದಾರಾ?" ಅಂತ ಮೊದಲ ದಿನವೇ ಕೇಳಿದ್ದರು. "ಇಲ್ಲ, ಇವಳೊಬ್ಬಳೇ" ಅಂದೆ. ಯಜಮಾನರು ಪಕ್ಕದಲ್ಲಿದ್ದರು, ಅವರೂ ಹೂಂ ಅಂದರು. ಸುಳ್ಳು ಅಂತ ಅನ್ನಿಸಲಿಲ್ಲ. ನಿಮ್ಮ ಹನ್ನೆರಡನೇ ವಯಸ್ಸಿನಲ್ಲಿ ಕಾವಿ ಕೊಟ್ಟ ದಿನ, ನನ್ನ ಕೈಯಿಂದ ಮೊದಲ ಭಿಕ್ಷೆ ಹಾಕಿಸಿ, ನಿಮ್ಮ ಗುರುಗಳಾದ ದೊಡ್ಡ ಬುದ್ಧಿಯವರು ಹೇಳಿದ್ದರು, "ಇವತ್ತಿಂದ ಇವರು ನಿಮ್ಮ ಲೆಕ್ಕದಲ್ಲಿಲ್ಲ ತಾಯಿ" ಅಂತ. ಅವತ್ತಿಂದ ರೇಷನ್ ಕಾರ್ಡಿನವರು ಕೇಳಿದರೂ, ಮದುವೆ ಮನೆಯಲ್ಲಿ ಕೇಳಿದರೂ ಒಬ್ಬಳೇ ಅಂತಲೇ ಹೇಳಿದ್ದೇನೆ. ಆಸ್ಪತ್ರೆಯಲ್ಲೂ ಅದೇ ಬಾಯಿಗೆ ಬಂತು. ಅವರು ಅದನ್ನು ನಂಬಿ ಹೊರಗಿನವರಲ್ಲಿ ಹುಡುಕುತ್ತಾ ಕೂತರು. ಸಿಗಲಿಲ್ಲ. ದಿನ ಹೋದವು.

ಮೊನ್ನೆ ಆಸ್ಪತ್ರೆಗೆ ತೋರಿಸಲು ಹೋದಾಗ ಸಿಂಧುವೇ ಹೇಳಿದಳು. "ನಂಗೊಬ್ಬ ಅಣ್ಣ ಇದಾನೆ ಮೇಡಂ. ಅವ್ವನ ಲೆಕ್ಕದಲ್ಲಿಲ್ಲ ಅಷ್ಟೇ." ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮೊದಲು ಒಂದಿಷ್ಟು ರಕ್ತ ಕೊಟ್ಟರೆ ಸಾಕು, ಹೊಂದುತ್ತದೋ ಇಲ್ಲವೋ ನೋಡುತ್ತಾರೆ. ಹೊಂದಿದರೆ ಮಜ್ಜೆ. ಕೊಟ್ಟವರಿಗೆ ಮತ್ತೆ ಬೆಳೆಯುತ್ತದಂತೆ. ಕೇಳಬಾರದ್ದನ್ನು ಕೇಳುತ್ತಿದ್ದೇನೆ. ನಮ್ಮ ಪಕ್ಕದ ಮನೆಯ ಧರ್ಮೇಶ ಎಳನೀರು ಟೆಂಪೋ ತುಂಬಿಕೊಂಡು ಅರಸೀಕೆರೆ ಮೇಲೆ ಬೆಂಗಳೂರಿಗೆ ಹೋಗುತ್ತಾನೆ. ಮಠ ಅವನ ದಾರಿಯಲ್ಲೇ ಇದೆ, ಕಾಗದ ಅವನ ಕೈಲಿ ಕಳಿಸುತ್ತಿದ್ದೇನೆ.

ಪಾದಸೇವಕಿ,
ವಿಶಾಲಮ್ಮ

*

ಮಠ
23 ನವೆಂಬರ್ 2024

ಭಕ್ತೆ ವಿಶಾಲಮ್ಮನವರಿಗೆ ಗುರುಕೃಪೆ ಇರಲಿ.

ತಮ್ಮ ಪತ್ರ ತಲುಪಿತು. ಕಾರ್ತಿಕದ ದೀಪೋತ್ಸವದ ಕೆಲಸಗಳಿದ್ದುದರಿಂದ ಉತ್ತರ ತಡವಾಯಿತು. ಪೂರ್ವಾಶ್ರಮದವರ ಸುಖದುಃಖಗಳಲ್ಲಿ ನಾವು ಭಾಗಿಯಾಗುವ ಪದ್ಧತಿ ಇಲ್ಲವೆಂಬುದು ತಮಗೆ ತಿಳಿದದ್ದೇ. ದೊಡ್ಡ ಬುದ್ಧಿಯವರು ಪ್ರವಾಸದಲ್ಲಿದ್ದಾರೆ. ಬಂದ ಮೇಲೆ ವಿಷಯ ಅರಿಕೆ ಮಾಡುತ್ತೇವೆ. ಅಲ್ಲಿಯವರೆಗೆ ವಿಭೂತಿ ಗಟ್ಟಿ ಕಳಿಸಿದ್ದೇವೆ, ರೋಗಿಯ ಹಣೆಗೆ ದಿನವೂ ಹಚ್ಚಿ.

ಆ ಹುಡುಗಿಗೆ ಈಗಲೂ ಬೆಲ್ಲದ ಅಚ್ಚು ಕದ್ದು ತಿನ್ನುವ ಚಾಳಿ ಇದೆಯೇ? ಸುಮ್ಮನೆ ಕೇಳಿದೆವು.

ಮರಿದೇವರು

*

ಬೆಂಗಳೂರು, ಆಸ್ಪತ್ರೆ
12 ಡಿಸೆಂಬರ್ 2024

ಮರಿದೇವರ ಪಾದಗಳಿಗೆ.

ವಿಭೂತಿ ಬಂತು. ವಾರ್ಡಿನೊಳಗೆ ಬಿಡುವುದಿಲ್ಲ ಅಂದರು, ಪುಡಿ ಉಸಿರಿಗೆ ಹೋಗಬಾರದಂತೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗಾಜಿನ ಈಚೆ ಕಿಟಕಿಯ ಮೇಲೆ ಇಟ್ಟಿದ್ದೇನೆ. ಅವಳಿಗೆ ಕಾಣುತ್ತದೆ.

ಬೆಲ್ಲದ ಮಾತು ಅವಳಿಗೆ ಓದಿ ಹೇಳಿದೆ. ಸಕ್ಕರೆ ಏರಿದೆ ಅಂತ ಈಗ ಬೆಲ್ಲ ಮುಟ್ಟುವ ಹಾಗಿಲ್ಲ. ಔಷಧಕ್ಕೆ ಮುಖ ಊದಿ ಗುಂಡಗಾಗಿದೆ, ಕೂದಲು ಉದುರಿವೆ. ಕನ್ನಡಿ ಕೇಳಿದಳು, ಕೊಟ್ಟೆ. "ಅವ್ವಾ, ನೋಡು, ಆಲೂಗಡ್ಡೆ ಬೋಂಡ" ಅಂದಳು. ಸೋಮವಾರ ನಾನು ಊಟ ಬಿಟ್ಟಿದ್ದಕ್ಕೆ, "ನನ್ನೊಳಗಿನವು ನನ್ನನ್ನೇ ಹೊಟ್ಟೆತುಂಬ ಉಣ್ತಾ ಅವೆ, ನೀನು ಮಾತ್ರ ಉಪವಾಸ ಕೂತಿದೀಯ. ಮನೇಲಿ ಊಟ ಮಾಡೋವು ಅವು ಮಾತ್ರ ಆದ್ವು" ಅಂದಳು. ನರ್ಸು ನಕ್ಕರು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಈಚೆಗೆ ಎರಡೂ ಬರುವುದಿಲ್ಲ. ಅವಳ ಬಟ್ಟೆ ಒಗೆದು ಹಾಕಿ ಬಂದು ಕೂರುತ್ತೇನೆ.

ನಿಮಗೆ ಕಾಗದ ಬರೆದದ್ದು ಯಜಮಾನರಿಗೆ ಗೊತ್ತಾಯಿತು. "ಕೊಟ್ಟ ಮೇಲೆ ಕೊಟ್ಟಂಗೆ" ಅಂದರು. "ಈಗ ಹೋಗಿ ಮೂಳೆಯೊಳಗಿಂದು ಕೊಡಿ ಅಂತ ಕೇಳ್ತೀಯಲ್ಲ, ನಾಚ್ಕೆ ಆಗಲ್ವೇನೇ?"

"ಆಗ್ತದೆ" ಅಂದೆ.

"ಮತ್ತೆ?"

"ಆಗ್ಲಿ ಬಿಡಿ. ನೀವೂ ಬತ್ತೀರಾ ಮಠಕ್ಕೆ, ನಾನೊಬ್ಬಳೇ ಹೋಗಿ ಕೇಳ್ಲಾ?"

ಮಾರನೇ ಬೆಳಿಗ್ಗೆ ನಾನು ಎದ್ದಾಗ ಅವರು ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ನಾವು ಬರುವ ಮೊದಲೇ ನೀವೇ ಬಂದರೆ ಅವರ ಮರ್ಯಾದೆ ಉಳಿಯುತ್ತದೆ. ಬೇಗ ಆದರೆ ಒಳ್ಳೆಯದು. ರಕ್ತ ಹಾಕುತ್ತಲೇ ಇದ್ದಾರೆ, ಹಾಕಿದ್ದು ನಿಲ್ಲುತ್ತಿಲ್ಲ.

ವಿಶಾಲಮ್ಮ

*

ಮಠ
20 ಜನವರಿ 2025

ವಿಶಾಲಮ್ಮನವರಿಗೆ.

ಕಳೆದ ತಿಂಗಳು ನಾನು ಬಂದು ರಕ್ತ ಕೊಟ್ಟು ಹೋದಾಗ ತಾವು ಬಾಗಿಲಲ್ಲಿ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದು ನಿಂತಿರಿ. ನಾನೂ ಹಾಗೇ ದಾಟಿ ಹೋದೆ. ದೊಡ್ಡ ಬುದ್ಧಿಯವರು "ರೋಗಿ ಯಾರಾದರೇನು, ಹೋಗಿ ಬಾ" ಎಂದಿದ್ದರು. ಗಾಜಿನ ಆಚೆಯಿಂದ ಅವಳು ಕೈ ಎತ್ತಿದಳು. ನಾನು ಆಶೀರ್ವಾದ ಮಾಡಿ ಬಂದೆ. ಹಾಗೆ ಮಾಡುವುದು ಮಾತ್ರ ನನಗೆ ಗೊತ್ತು.

ಆಸ್ಪತ್ರೆಯಿಂದ ಇವತ್ತು ಡಾಕ್ಟರಮ್ಮ ಮಾತಾಡಿದರು. ನನ್ನ ಮಜ್ಜೆ ಅವಳದಕ್ಕೆ ಪೂರ್ತಿ ಹೊಂದುತ್ತದೆ. ಆದರೆ ತೆಗೆದುಕೊಳ್ಳುವ ಹಾಗಿಲ್ಲ. ಅವಳಲ್ಲಿರುವ ದೋಷವೇ ನನ್ನಲ್ಲೂ ಇದೆ. ಅದು ಈಗ ಮಲಗಿದೆ. ಯಾವಾಗ ಬೇಕಾದರೂ ಏಳಬಹುದು, ಏಳದೆಯೂ ಇರಬಹುದು. ತಪ್ಪದೆ ಪರೀಕ್ಷೆಗೆ ಬರಬೇಕು, ಎದ್ದರೆ ನನಗೂ ಬೇರೆಯವರ ಮಜ್ಜೆ ಬೇಕಾಗುತ್ತದೆ ಎಂದರು.

ಚಿಕ್ಕಂದಿನಲ್ಲಿ ದೊಡ್ಡ ಜ್ವರವೇನಾದರೂ ಬಂದಿತ್ತೇ ಎಂದು ಕೇಳಿದರು. ಬಂದಿತ್ತು ಎಂದೆ. ನನಗೆ ನೆನಪಿಲ್ಲ, ಆದರೆ ಆ ಕತೆ ಗೊತ್ತಿಲ್ಲದವರು ಮಠದಲ್ಲಿ ಯಾರೂ ಇಲ್ಲ. ಪ್ರತಿ ಸ್ಮರಣೋತ್ಸವದಲ್ಲಿ ಅದನ್ನು ಹೇಳುತ್ತಾರೆ. ಮೂರು ವರ್ಷದ ಕೂಸು, ವೈದ್ಯರು ಕೈಬಿಟ್ಟದ್ದು, ದೊಡ್ಡ ಬುದ್ಧಿಯವರು ವಿಭೂತಿ ಹಚ್ಚಿದ್ದು, ಜ್ವರ ಹೋದದ್ದು, ಬೆಳೆದ ಮೇಲೆ ತಾಯಿ ಹರಕೆಯಂತೆ ಮಗನನ್ನು ಮಠಕ್ಕೆ ಒಪ್ಪಿಸಿದ್ದು. ಆಮೇಲೆ ತಮ್ಮನ್ನು ವೇದಿಕೆಗೆ ಕರೆಯುತ್ತಾರೆ. ತಾವು ಮೈಕ್ ಹಿಡಿದು "ಗುರು ಕೊಟ್ಟ ಜೀವ" ಎಂದು ಕೈ ಮುಗಿದು ಇಳಿಯುತ್ತೀರಿ.

ನನ್ನನ್ನು ಜನ ನೋಡುವುದು ಆ ಕತೆಯಿಂದ. ಹುಷಾರಿಲ್ಲದ ಮಕ್ಕಳನ್ನು ಎತ್ತಿಕೊಂಡು ಬಂದು ನನ್ನ ಕೈ ಅವರ ತಲೆಯ ಮೇಲೆ ಇಡಿಸುತ್ತಾರೆ. ಈಗ ಆ ಜ್ವರ ಹೋಗಿರಲಿಲ್ಲ, ನನ್ನೊಳಗೇ ಕೂತಿದೆ ಎಂದು ಹೇಗೆ ಹೇಳಲಿ?

ಮತ್ತೆ ಆಸ್ಪತ್ರೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಗುರು ಕಾಯ್ದ ದೇಹವನ್ನು ಗುರುವೇ ನೋಡಿಕೊಳ್ಳಲಿ. ಮಜ್ಜೆ ಹೊಂದಲಿಲ್ಲ ಎಂದಷ್ಟೇ ದೊಡ್ಡ ಬುದ್ಧಿಯವರಿಗೆ ಹೇಳಿದ್ದೇನೆ. ತಾವೂ ಯಾರಿಗೂ ಹೇಳಬಾರದು. ಇದೊಂದನ್ನು ನಡೆಸಿಕೊಡಿ.

ಅವಳಿಗೆ ಕೊಡಲಾಗಲಿಲ್ಲ.

ಮರಿದೇವರು

*

ಆಸ್ಪತ್ರೆ
29 ಜನವರಿ 2025

ಚನ್ನೇಶಣ್ಣ,

ಹಳೇ ಹೆಸರು ಹಿಡಿದು ಕರೀಬಾರದಂತೆ. ಕರೆದಾಯ್ತು, ಏನ್ ಮಾಡ್ತೀಯ? ಶಾಪ ಕೊಡೋದಾದ್ರೆ ಕ್ಯೂ ಇದೆ, ನಿಂತ್ಕೋ.

ಅವ್ವ ನಿನ್ನ ಕಾಗದ ಸೀರೆ ಗಂಟಿನಲ್ಲಿ ಇಟ್ಕೊಂಡು ಓಡಾಡ್ತಿದ್ದಾಳೆ. ನಾನು ಕಸಿದು ಓದಿದೆ. ಅಪ್ಪಂಗೆ ಸಕ್ಕರೆ ಕಾಯಿಲೆ, ಹಾರ್ಟು ಬೇರೆ, ಅವರದು ಬೇಡ ಅಂದ್ರು. ಅವ್ವಂದು ಅರ್ಧ ಹೊಂದುತ್ತೆ. ಅರ್ಧದಲ್ಲೇ ಮಾಡ್ತಾರೆ. ನಿಂದು ಪೂರ್ತಿ ಹೊಂದಿ ಕೆಲಸಕ್ಕೆ ಬಾರದ್ದು, ಅವ್ವಂದು ಅರ್ಧ ಹೊಂದಿ ಕೆಲಸಕ್ಕೆ ಬಂದಿದ್ದು. ನಗು ಬಂತು ನಂಗೆ.

ಕೊಡಕ್ಕಾಗ್ಲಿಲ್ಲ ಅಂತ ಬರ್ದಿದೀಯಲ್ಲ, ನೀನು ಸ್ವಾಮಿಗಳ ಥರ ಬರೆಯದೆ ಇದ್ದ ಸಾಲು ಅದೊಂದೇ. ನಾನೇನೂ ಅಂದ್ಕೊಂಡಿಲ್ಲ. ಆದರೆ ನಂಗೆ ಡೇರಿಗೆ ಹೋಗ್ತಾ ಹೋಗ್ತಾ ಶುರುವಾಗಿ, ಒಬ್ಬರು ಒಂದು ಹೆಸರು ಇನ್ನೊಬ್ಬರು ಇನ್ನೊಂದು ಹೆಸರು ಹೇಳೋದರಲ್ಲಿ ಅರ್ಧ ರಕ್ತ ಹೋಯ್ತು. ನಿಂಗೆ ಮೊದಲೇ ಹೆಸರು ಗೊತ್ತಾಗಿದೆ. ಅಷ್ಟು ಪುಣ್ಯ ನಂಗಿರಲಿಲ್ಲ. ಅದನ್ನ ಕಾವಿ ಬಟ್ಟೆ ಒಳಗೆ ಮುಚ್ಚಿಡ್ತೀಯಾ?

ಜಾಸ್ತಿ ಬರೆಯೋಕೆ ಕೈ ಬರ್ತಿಲ್ಲ. ಬೆಲ್ಲದ ಅಚ್ಚು ಕದೀತಿದ್ದೋನು ನೀನು. ನಾನು ಕಾವಲು ನಿಲ್ತಿದ್ದೆ.

ಸಿಂಧು

*

ಬೆಂಗಳೂರು, ಆಸ್ಪತ್ರೆ
26 ಫೆಬ್ರವರಿ 2025

ಮರಿದೇವರಿಗೆ.

ಇವತ್ತು ಶಿವರಾತ್ರಿ. ನನಗೆ ಉಪವಾಸ ಇಲ್ಲ. ನಾಳೆ ಸಿಂಧುಗಾಗಿ ನನ್ನ ಮಜ್ಜೆ ತೆಗೆಯುತ್ತಾರೆ, ಹೊಟ್ಟೆ ಖಾಲಿ ಬಿಡಬೇಡಿ ಅಂದಿದ್ದಾರೆ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಕ್ಯಾಂಟೀನಿನಲ್ಲಿ ಇಡ್ಲಿ ತಿಂದೆ. ಬುದ್ಧಿ ಬಂದಾಗಿನಿಂದ ಶಿವರಾತ್ರಿಯ ದಿನ ತಿಂದದ್ದು ಇದೇ ಮೊದಲು. ಪಕ್ಕದಲ್ಲಿದ್ದ ಮುದುಕಿ "ಇವತ್ತೂ ತಿಂತೀಯೇನವ್ವ?" ಅಂದಳು. ತಿಂದೆ. ರುಚಿ ಗೊತ್ತಾಗಲಿಲ್ಲ.

ಸ್ಮರಣೋತ್ಸವ ಆದ ಮೇಲೆ ನಿಮ್ಮಿಂದ ಒಂದು ಅಕ್ಷರ ಬಂದಿಲ್ಲ. ಬರುವುದಿಲ್ಲ ಅಂತ ಗೊತ್ತಿತ್ತು. ಯಾರಿಗೂ ಹೇಳಬೇಡಿ ಅಂದಿದ್ದಿರಿ. ನಾನು ಅಷ್ಟು ಜನದ ಮುಂದೆ ಮೈಕಿನಲ್ಲೇ ಹೇಳಿದೆ. ನೀವು ದೊಡ್ಡ ಬುದ್ಧಿಯವರ ಪಕ್ಕದಲ್ಲಿ ಕೂತಿದ್ದಿರಿ, ತಲೆ ಎತ್ತಲಿಲ್ಲ.

ಹೇಳಬೇಕು ಅಂತ ಹೋದವಳಲ್ಲ. ಸಿಂಧುವನ್ನು ಅವರಪ್ಪನ ಹತ್ತಿರ ಬಿಟ್ಟು, ಹಣ್ಣಿಟ್ಟು ಬಂದುಬಿಡೋಣ ಅಂತ ಬಸ್ಸು ಹತ್ತಿದ್ದೆ. ಕತೆ ಹೇಳಿದರು. ಯಾವಾಗಲೂ ಹೇಳುವ ಹಾಗೆ "ಜ್ವರ ಓಡಿಹೋಯಿತು" ಅಂದರು, ಜನ ಚಪ್ಪಾಳೆ ತಟ್ಟಿದರು. ನನ್ನನ್ನು ಕರೆದರು. ಮೆಟ್ಟಿಲು ಹತ್ತಿದೆ. ಮೈಕ್ ಕೈಗೆ ಬಂದಾಗ "ಗುರು ಕೊಟ್ಟ ಜೀವ" ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ನನಗೆ ಇಬ್ಬರು ಮಕ್ಕಳು. ಇಬ್ಬರಿಗೂ ಒಂದೇ ಕಾಯಿಲೆ ಐತೆ." ಅಷ್ಟೇ ಅಂದು ಮೈಕ್ ವಾಪಸ್ ಕೊಟ್ಟೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಳಿಯುವಾಗ ಒಬ್ಬಾಕೆ ನನ್ನ ಸೆರಗು ಹಿಡಿದು, "ಗುರುವಿನ ಸನ್ನಿಧಿಯಲ್ಲಿ ಎಂಥಾ ಮಾತಾಡ್ದೆ ತಾಯಿ" ಅಂತ ಬೈದಳು. ಅವಳ ಕಂಕುಳಲ್ಲಿ ಕೂಸಿತ್ತು. ನಿಮ್ಮ ಕೈ ಇಡಿಸಲು ತಂದಿದ್ದಳು. ಕೂಸಿನ ಮೈ ಮುಟ್ಟಿ ನೋಡಿದೆ. ಸುಡುತ್ತಿತ್ತು. "ಮೊದಲು ಆಸ್ಪತ್ರೆಗೆ ಕರ್ಕೊಂಡೋಗು, ಆಮೇಲೆ ಬಾ. ದೇವ್ರು ಎಲ್ಲೂ ಹೋಗಲ್ಲ" ಅಂದೆ.

ಆಮೇಲೆ ದೊಡ್ಡ ಬುದ್ಧಿಯವರು ಒಳಗೆ ಕರೆಸಿದರು. ನೀವು ಇರಲಿಲ್ಲ. ಬೈಯುತ್ತಾರೆ ಅಂತ ಹೋದೆ. ಯಾವಾಗ ಗೊತ್ತಾಯಿತು ಅಂತ ಕೇಳಿದರು. ಹೇಳಿದೆ.

"ಜ್ವರ ಇಳೀತು ಅಂತ ನಾವು ಅಂದಿದ್ದು. ಹೋಯ್ತು ಅಂತ ಅಂದೋರು ಕತೆ ಹೇಳೋರು. ನಾವು ಸುಮ್ಮನೆ ಕೇಳ್ತಾ ಕೂತ್ವಿ" ಅಂದರು.

"ಆಸ್ಪತ್ರೆಗೆ ಹೋಗಲಿ ಅಂತ ನೀವು ಒಂದು ಮಾತು ಹೇಳಿ ಬುದ್ಧಿ" ಅಂದೆ.

"ನಾವು ಹೇಳಿದ್ರೆ ಆಜ್ಞೆ ಅಂತ ಹೋಗ್ತಾನೆ. ಒಂದು ಸಲ ಹೋಗ್ತಾನೆ. ಆಮೇಲೆ? ಇದು ಬದುಕಿರೋವರೆಗೂ ಹೋಗಬೇಕಾದ್ದು. ಅವನಾಗೇ ಹೂಂ ಅನ್ಬೇಕು. ನೀನು ಬರೆ."

ಅದಕ್ಕೆ ಬರೆಯುತ್ತಿದ್ದೇನೆ.

ನೀವು ಬರೆದಿದ್ದ ಜ್ವರದ ವಿಷಯ. ಆಗ ಸಿಂಧು ತೊಟ್ಟಿಲಲ್ಲಿದ್ದಳು. ನಿಮ್ಮ ಮೈ ಬೆಂಕಿ, ಕಣ್ಣು ಹಳದಿ. ಹೊಟ್ಟೆಯ ಎಡಗಡೆ ಗಟ್ಟಿ. ಅದೇ ಗಟ್ಟಿ. ಗೌರಿ ಹಬ್ಬದಲ್ಲಿ ಸಿಂಧುವಿನ ಹೊಟ್ಟೆ ಮುಟ್ಟಿದಾಗಲೇ ನನ್ನ ಕೈಗೆ ಗೊತ್ತಾಗಿತ್ತು, ಬಾಯಿಗೆ ಬಂದಿರಲಿಲ್ಲ. ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂತ ಆಸ್ಪತ್ರೆಯವರು ಅಂದಿದ್ದರು. ದಾರಿಯಲ್ಲಿ ಮಠ ಸಿಕ್ಕಿತು. ಉಳಿಸಿಕೊಡಿ, ನಿಮ್ಮ ಪಾದಕ್ಕೇ ಹಾಕುತ್ತೇನೆ ಅಂದೆ. ದೊಡ್ಡ ಬುದ್ಧಿಯವರು ಹಣೆಗೆ ವಿಭೂತಿ ಹಚ್ಚಿದರು. ಜ್ವರ ಇಳಿಯಿತು. ಇದರಲ್ಲಿ ಯಾವುದೂ ಸುಳ್ಳಲ್ಲ. ಗುರು ಕಾಯಲಿಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆಗ ನಮ್ಮ ಕಡೆ ಈ ಕಾಯಿಲೆಗೆ ಹೆಸರು ಹೇಳುವವರೇ ಇರಲಿಲ್ಲ. ಹೆಸರು ಹೇಳುವವರು ಬರುವ ತನಕ ಕಾಯ್ದು ಕೊಟ್ಟರು. ಈಗ ಬಂದಿದ್ದಾರೆ. ಬಾಗಿಲಲ್ಲಿ ನಿಂತಿರುವವರನ್ನು ವಾಪಸ್ ಕಳಿಸಿದರೆ ಕಾಯ್ದದ್ದು ದಂಡ.

ಹರಕೆಯಲ್ಲಿ ಕೂಸನ್ನು ಕೊಟ್ಟೆ. ಬಾಯಿ ಮಾತಿನಂತೆ ನಡೆದೆ. ಕಾಯಿಲೆಯನ್ನು ಕೊಡಲಿಲ್ಲ. ಅದು ನನ್ನ ಕಡೆಯಿಂದ ಅರ್ಧ, ಯಜಮಾನರ ಕಡೆಯಿಂದ ಅರ್ಧ ಬಂದದ್ದಂತೆ. ಹಾಗಾದರೆ ಅದು ನಮ್ಮ ಮನೆಯದು. ಅದನ್ನು ನೋಡಿಕೊಳ್ಳುವುದಕ್ಕೆ ನಾನು ಬರುತ್ತೇನೆ, ಕಾವಿ ಅಡ್ಡ ಬರುವುದಿಲ್ಲ.

ನನ್ನ ಸೊಂಟ, ಬೆನ್ನು ಎಲ್ಲ ನೋಯುತ್ತಿದೆ. ಮಜ್ಜೆ ಹೆಚ್ಚಾಗಲಿ ಅಂತ ಸೂಜಿ ಹಾಕುತ್ತಿದ್ದಾರೆ. ಹೆರಿಗೆ ನೋವಿನ ಹಾಗಾ ಅಂತ ಡಾಕ್ಟರಮ್ಮ ಕೇಳಿದರು. ಅಷ್ಟಿಲ್ಲ ಅಂದೆ. ಎಷ್ಟು ಹೆರಿಗೆ ಅಂತ ಮತ್ತೆ ಕೇಳಿದರು. ಎರಡು ಅಂದೆ. ಸಿಂಧುಗೆ ಹಿಡಿಯುತ್ತದೋ ಇಲ್ಲವೋ, ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ. ಗಾಜಿನೊಳಗೆ ಮಲಗಿದ್ದಾಳೆ. ಇವತ್ತು ಮಾತಾಡಲಿಲ್ಲ, ಬೆರಳು ಆಡಿಸಿದಳು.

ನಿಮಗೆ ಮುಂದಿನ ಶುಕ್ರವಾರ ಪರೀಕ್ಷೆಗೆ ಬರಲು ಡಾಕ್ಟರಮ್ಮ ಹೇಳಿದ್ದಾರೆ. ಅಂದಿಗೆ ನಾನು ಎದ್ದು ಓಡಾಡುತ್ತಿರುತ್ತೇನೆ. ಬಾಗಿಲಲ್ಲೇ ಇರುತ್ತೇನೆ. ಈ ಸಲ ಪಕ್ಕಕ್ಕೆ ಸರಿಯುವುದಿಲ್ಲ.

ವಿಶಾಲಮ್ಮ

ಧರ್ಮೇಶನಿಗೆ: ಈ ಕಾಗದ ಕೊಟ್ಟು ಸುಮ್ನೆ ಬಂದುಬಿಡಬೇಡ ಕಣಪ್ಪ. ಅವರು ಓದೋವರೆಗೂ ಅಲ್ಲೇ ಇರು. ಕಚೇರಿಯವರು ಎಬ್ಬಿಸಿದ್ರೆ ದಾಸೋಹಕ್ಕೆ ಹೋಗಿ ಕೂತ್ಕೋ, ಪ್ರಸಾದ ಬಡಿಸಿದ್ರೆ ಉಣ್ಣು. ಎಲೆ ಎತ್ತೋರು ಬಂದ್ರೆ ಕೈ ಅಡ್ಡ ಇಟ್ಟು, ಇನ್ನೂ ಉಣ್ತಾ ಇದೀನಿ ಅನ್ನು. ಹೊತ್ತಾದ್ರೂ ಆಗ್ಲಿ, ವಾಪಸ್ ಹೋಗೋ ಖಾಲಿ ಟೆಂಪೋ ತಾನೆ. ಅವರ ಉತ್ತರ ತಗೊಂಡೇ ಬಾ.